ಗೋಡೆಯ ಮೇಲಿನ ಹಾಕಿ ಆಟಗಾರ ಯಾವ ಫೋಟೊದಿಂದ ಬಂದ?

ಕೊಡಗಿನ ನಾಪೋಕ್ಲಿನ ಗೋಡೆಯ ಮೇಲಾಗಲಿ, ಮಡಿಕೇರಿಯ ಪ್ರದರ್ಶನದಲ್ಲಾಗಲಿ ಹಾಕಿ ಆಟಗಾರನ ಚಿತ್ರ ಕಂಡರೆ ಮೊದಲು ಅವನ ಕೈ ನೋಡಿ. ಹಾಕಿ ಸ್ಟಿಕ್ಕಿನ ಚಪ್ಪಟೆ ಮೈ ಎಡಬದಿಗೆ ಮಾತ್ರ. ಎಡಚರಿಗೂ ಅದೇ ಸ್ಟಿಕ್. ಹಾಗಾಗಿ ಹಿಡಿತದಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಚಿತ್ರದಲ್ಲಿ ಇದು ಅದಲುಬದಲಾಗಿದ್ದರೆ ಮೂಲ ಫೋಟೊವನ್ನು ಎಲ್ಲೋ ಕನ್ನಡಿಬಿಂಬದಂತೆ ತಿರುಗಿಸಿರುವ ಸಂಭವವೇ ಹೆಚ್ಚು. ಜೆರ್ಸಿ ನಂಬರ್ ಸರಿಪಡಿಸಿದವರೂ ಕೈ ಮರೆತಿರುತ್ತಾರೆ.

ಆಟದ ಫೋಟೊ ಚಿತ್ರಕಲೆಗೆ ನುಗ್ಗಿದ್ದು ಕುದುರೆಯ ಬೆನ್ನೇರಿ. 1821ರಲ್ಲಿ ಫ್ರೆಂಚ್ ಕಲಾವಿದ ಜೆರಿಕೋ ಬರೆದ ‘ಎಪ್ಸಮ್ ಡರ್ಬಿ’ ಎಂಬ ಕುದುರೆಪಂದ್ಯದ ಚಿತ್ರದಲ್ಲಿ ಕುದುರೆಗಳು ನಾಲ್ಕೂ ಕಾಲು ಚಾಚಿ ತೇಲುತ್ತವೆ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಓಟದ ಹಾದಿಯುದ್ದಕ್ಕೂ 12 ಕ್ಯಾಮೆರಾ ಇಟ್ಟು, ಅಡ್ಡಲಾಗಿ ದಾರ ಕಟ್ಟಿದ. ಕುದುರೆ ದಾರಕ್ಕೆ ತಾಗಿದಂತೆ ಒಂದೊಂದೇ ಶಟರ್ ಬಿತ್ತು. ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಅವು ಹೊಟ್ಟೆಯಡಿ ಮಡಚಿಕೊಂಡಾಗ. ಫ್ರೆಂಚ್ ಕಲಾವಿದ ದೆಗಾ ಈ ಫೋಟೊಗಳನ್ನು ನೋಡಿ ರೇಖಾಚಿತ್ರ ಬರೆದ.

ಫ್ರೆಂಚ್ ಚಿತ್ರಕಾರ ರಾಬರ್ಟ್ ದೆಲೋನೆ 1912-13ರಲ್ಲಿ ಬರೆದ ‘ಕಾರ್ಡಿಫ್ ತಂಡ’ದ ರಗ್ಬಿ ಆಟಗಾರರು ಪತ್ರಿಕೆಯ ಫೋಟೊದಿಂದ ಎದ್ದು ಬಂದವರು; ಹಿಂದಿನ ಐಫೆಲ್ ಗೋಪುರ, ವಿಮಾನ ಮಾತ್ರ ಅವನ ಜೋಡಣೆ. ಹಾಗೆಂದು ಚಲನೆ ಕಂಡಲ್ಲೆಲ್ಲ ಫೋಟೊ ಹುಡುಕಬಾರದು. 1913ರಲ್ಲೇ ಫುಟ್‌ಬಾಲ್ ಆಟಗಾರನ ಚಲನೆಯನ್ನು ಬರೆದ ಇಟಲಿಯ ಕಲಾವಿದ ಬೊಚ್ಚೋನಿಗೆ ಚಲನೆಯ ಫೋಟೊಗಳೆಂದರೆ ಆಗುತ್ತಿರಲಿಲ್ಲ.

ಸಾಕ್ಷ್ಯ ರಾಶಿಯಾಗಿ ಸಿಕ್ಕಿದ್ದು 20ನೇ ಶತಮಾನದ ಚಿತ್ರಕಾರ ಫ್ರಾನ್ಸಿಸ್ ಬೇಕನ್‌ನಲ್ಲಿ. ಅವನ 1953ರ ‘ಎರಡು ಆಕೃತಿಗಳು’ ಮೈಬ್ರಿಜ್‌ನ ಕುಸ್ತಿಪಟುಗಳಿಂದ ಹುಟ್ಟಿದ್ದು. ಲಂಡನ್ನಿನ ಅವನ ಸ್ಟುಡಿಯೊವನ್ನು 1998ರಲ್ಲಿ ಡಬ್ಲಿನ್ನಿಗೆ ಸಾಗಿಸಿದಾಗ 7,000ಕ್ಕೂ ಹೆಚ್ಚು ವಸ್ತುಗಳು ದೊರೆತವು. ಹರಿದ, ಮಡಚಿದ, ಬಣ್ಣ ಮೆತ್ತಿದ ಫೋಟೊಗಳೂ ಅದರಲ್ಲಿದ್ದವು. ಕಾಗದದ ಮಡಿಕೆಯೇ ಕ್ಯಾನ್ವಾಸಿನಲ್ಲಿ ಮುರಿದ ಭುಜವಾಗುವುದುಂಟು. ಆದ್ದರಿಂದ ಅಚ್ಚುಕಟ್ಟಾದ ಡಿಜಿಟಲ್ ಪ್ರತಿಗಿಂತ ಕಲಾವಿದ ಬಳಸಿದ ಆ ಹಾಳೆಯೇ ಮುಖ್ಯ. ಅಮೆರಿಕದ ಕಲಾವಿದ ವಾರ್‌ಹೋಲ್ 1977ರಲ್ಲಿ ಬಾಕ್ಸರ್ ಅಲಿ, ಫುಟ್‌ಬಾಲಿನ ಪೆಲೆ ಮೊದಲಾದವರನ್ನು ಪೋಲರಾಯ್ಡ್‌ನಲ್ಲಿ ತಾನೇ ಸೆರೆಹಿಡಿದ. ಅಲ್ಲಿ ಆಟವಿಲ್ಲ, ಮುಖವಷ್ಟೇ.

ಮತ್ತೆ ನಮ್ಮ ಮೈದಾನಕ್ಕೆ. ಕೊಡವ ಕುಟುಂಬಗಳ ಹಾಕಿ ಉತ್ಸವ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 1997ರಲ್ಲಿ ಕರಡದಲ್ಲಿ ಆರಂಭವಾಯಿತು. ಅದು ನಡೆಯುವುದು ಬೇಸಿಗೆಯಲ್ಲಿ. ಮಧ್ಯಾಹ್ನ ಮೋಡ ಕವಿದರೆ ಬೆಳಕು ಕುಸಿದು ಶಟರ್ ನಿಧಾನ ಮಾಡಲೇಬೇಕು. ಗಂಟೆಗೆ 100 ಕಿ.ಮೀ. ವೇಗದ ಚೆಂಡು ಸೆಕೆಂಡಿನ 1/1000ರಲ್ಲಿ ಸುಮಾರು 3 ಸೆಂ.ಮೀ., 1/250ರಲ್ಲಿ 11 ಸೆಂ.ಮೀ. ಸರಿಯುತ್ತದೆ. ಚೆಂಡಿನ ಅಗಲವೇ ಸುಮಾರು 7 ಸೆಂ.ಮೀ. ಚಿತ್ರದಲ್ಲಿ ಚೆಂಡು ಉದ್ದುದ್ದ ಎಳೆದುಕೊಂಡಿದ್ದರೆ ಅದು ಕಣ್ಣಿನ ನೆನಪಲ್ಲ, ನಿಧಾನ ಶಟರಿನ ನಕಲು. ಬೀಸಿದ ಸ್ಟಿಕ್ಕು ಬಾಳೆಹಣ್ಣಿನಂತೆ ಬಾಗಿದ್ದರೆ ಮೊಬೈಲ್ ಫೋಟೊ ಇರಬೇಕು: ಅದರ ಸೆನ್ಸರ್ ದೃಶ್ಯವನ್ನು ಸಾಲುಸಾಲಾಗಿ ಓದುವಷ್ಟರಲ್ಲಿ ಸ್ಟಿಕ್ಕು ಜಾಗ ಬದಲಿಸಿರುತ್ತದೆ. ದೂರದ ಸಿಲ್ವರ್ ಓಕ್ ಮರಗಳು ಗೋಲ್‌ಕೀಪರನ ಬೆನ್ನಿಗೇ ಅಂಟಿದಂತಿದ್ದರೆ, ಉದ್ದ ಲೆನ್ಸ್ ಹಿಡಿದು ದೂರದಿಂದ ತೆಗೆದದ್ದು.

ಗುರುತು ಸಿಕ್ಕಮೇಲೆ ಚಿತ್ರದಿಂದ ಒಂದೇ ಆಕೃತಿಯನ್ನು ಕತ್ತರಿಸಿ ಇಮೇಜ್ ಸರ್ಚ್‌ಗೆ ಹಾಕಿ. ಹಿನ್ನೆಲೆ ಸೇರಿದರೆ ಹುಡುಕಾಟ ಬಣ್ಣದ ಬೆನ್ನು ಹತ್ತುತ್ತದೆ. ನಂತರ ಕನ್ನಡಿಬಿಂಬ ಮಾಡಿ, ಕಪ್ಪುಬಿಳುಪು ಮಾಡಿ ಮತ್ತೆ ಹಾಕಿ. ಸಿಕ್ಕ ಫೋಟೊದ ಮೊಣಕೈ, ಮಂಡಿ, ಸ್ಟಿಕ್ಕಿನ ತುದಿಗಳ ನಡುವಿನ ಕೋನಗಳನ್ನು ಚಿತ್ರದೊಂದಿಗೆ ತಾಳೆ ನೋಡಿ. ಭಂಗಿ ಹೋಲಿದರಷ್ಟೇ ಸಾಲದು, ಪೆನಾಲ್ಟಿ ಕಾರ್ನರ್ ಹೊಡೆಯುವವರೆಲ್ಲ ಹೆಚ್ಚುಕಡಿಮೆ ಹಾಗೇ ಬಗ್ಗುತ್ತಾರೆ. ಜೆರ್ಸಿಯ ಸುಕ್ಕು, ನೆರಳಿನ ದಿಕ್ಕು ಕೂಡಬೇಕು. ಹೊಸ ಚಿತ್ರವಾದರೆ ಛಾಯಾಗ್ರಾಹಕರ ಹಕ್ಕನ್ನೂ ನೋಡಬೇಕು: ಭಾರತದಲ್ಲಿ ಛಾಯಾಗ್ರಾಹಕರು ಬದುಕಿರುವವರೆಗೆ, ಆಮೇಲೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಫೋಟೊಗೆ ಹಕ್ಕುಸ್ವಾಮ್ಯ ಇರುತ್ತದೆ.