ನ್ಯಾನೊ ಕಣ ನೀರಿಗೆ ಬಿದ್ದ ಮೇಲೆ

ಸನ್‌ಸ್ಕ್ರೀನ್‌ನಲ್ಲಿರುವ ನ್ಯಾನೊ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಅತಿಸೂಕ್ಷ್ಮ ಕಣ, ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆಯೇ ಎಂದು ತುಂಬ ಜನ ಕೇಳುತ್ತಾರೆ. ಗಾಯವಿಲ್ಲದ ಚರ್ಮದಲ್ಲಿ ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಕಣಗಳು ಬಹುಪಾಲು ಮೇಲ್ಪದರದಲ್ಲೇ ಉಳಿಯುತ್ತವೆ. ಆ ವಿಷಯದಲ್ಲಿ ಹೆಚ್ಚು ಚಿಂತೆ ಬೇಡ. ಸ್ನಾನದ ನೀರಿನ ಜೊತೆ ಅವು ಎಲ್ಲಿಗೆ ಹೋದವು ಎಂದು ಕೇಳುವವರು ಕಡಿಮೆ. ಜಲಜೀವಿಗಳ ಮೇಲೆ ವಿಷಪರೀಕ್ಷೆ ಮಾಡುವ ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ಸತುವಿನ ಆಕ್ಸೈಡ್ ಕಣ ನೀರಿನಲ್ಲಿ ನಿಧಾನಕ್ಕೆ ಕರಗಿ ಸತುವಿನ ಅಯಾನುಗಳನ್ನು, ಅಂದರೆ ವಿದ್ಯುದಾವೇಶವಿರುವ ಪರಮಾಣುಗಳನ್ನು, ಬಿಡುತ್ತದೆ. ಸಿಹಿನೀರಿನ ಹಸಿರು ಪಾಚಿಯ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯಾನೊ ಪುಡಿ, ಸಾಮಾನ್ಯ ಪುಡಿ, ನೀರಲ್ಲಿ ಪೂರ್ತಿ ಕರಗುವ ಸತುವಿನ ಕ್ಲೋರೈಡ್, ಈ ಮೂರೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಹಾನಿ ಮಾಡಿದವು. ಲೀಟರಿಗೆ ಸುಮಾರು 60 ಮೈಕ್ರೊಗ್ರಾಂ ಸತು ಇದ್ದರೆ ಪಾಚಿಯ ಬೆಳವಣಿಗೆ ಅರ್ಧಕ್ಕೆ ಇಳಿಯಿತು. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 5 ಮಿಲಿಗ್ರಾಂ, ಅಂದರೆ ಅದರ ಎಂಬತ್ತು ಪಟ್ಟಿಗೂ ಹೆಚ್ಚು. ನಮಗೆ ಏನೂ ಮಾಡದ ನೀರು ಕೆರೆಯ ಆಹಾರ ಸರಪಳಿಯ ಬುಡಕ್ಕೇ ಪೆಟ್ಟು ಕೊಡಬಲ್ಲದು.

ಕರಗುವುದು ಎಷ್ಟು ಬೇಗ ಎಂಬುದು ಆಮ್ಲತೆಗೆ ಬಿಟ್ಟದ್ದು. ಗೊಬ್ಬರವಾಗಿ ಹೊಲಕ್ಕೆ ಹಾಕಿದರೆ, ಮಲೆನಾಡು, ಕರಾವಳಿಯ ಹುಳಿಮಣ್ಣಿನಲ್ಲಿ ಈ ಕಣ ಬೇಗ ಕರಗುತ್ತದೆ. ವಿಜಯಪುರ, ಕಲಬುರಗಿ ಕಡೆಯ ಸುಣ್ಣದಂಶವಿರುವ ಎರೆಮಣ್ಣಿನಲ್ಲಿ ತಡ. ಸತುವಿನ ಕೊರತೆಯಿರುವ ಹೊಲದಲ್ಲಿ ಬೆಳೆಗೆ ಬೇಕಾದದ್ದೂ ಇದೇ ಅಯಾನು, ಹೊಲದಿಂದ ಹರಿದು ಹಳ್ಳಕ್ಕೆ ಸೇರಿದರೆ ಪಾಚಿಯನ್ನು ಕಾಡುವುದೂ ಇದೇ. ಹಾಗಾಗಿ ಒಂದು ಊರಿನ ಮಣ್ಣಿನಲ್ಲಿ ಬಂದ ಫಲಿತಾಂಶ ಹಿಡಿದು ಇನ್ನೊಂದು ಊರಿಗೆ ಶಿಫಾರಸು ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಉಸಿರಿನ ವಿಷಯವೇ ಬೇರೆ. ಸತು ಲೇಪಿಸಿದ ಜಿ.ಐ. ಪೈಪು ವೆಲ್ಡಿಂಗ್ ಮಾಡುವಾಗ ಏಳುವ ಬಿಳಿ ಹೊಗೆಯಲ್ಲಿ ಇರುವುದೂ ಸತುವಿನ ಆಕ್ಸೈಡಿನ ನ್ಯಾನೊ ಗಾತ್ರದ ಕಣಗಳೇ. ಕೆಲಸ ಮುಗಿಸಿದ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಾಲು ಕುಡಿದರೆ ಹೋಗುತ್ತದೆಂಬ ನಂಬಿಕೆ ವೆಲ್ಡಿಂಗ್ ಅಂಗಡಿಗಳಲ್ಲಿದೆ, ಆದರೆ ಹೊಗೆ ಶ್ವಾಸಕೋಶಕ್ಕೆ ಇಳಿದ ಮೇಲೆ ಹಾಲು ಏನು ಮಾಡೀತು? ಗಾಳಿಯಾಡುವ ಜಾಗ, ಹೊಗೆ ಎಳೆಯುವ ಫ್ಯಾನು, ಸರಿಯಾದ ಮಾಸ್ಕ್ ಇವೇ ರಕ್ಷಣೆ.

ಟೈಟಾನಿಯಂ ಡೈಆಕ್ಸೈಡ್ ಕರಗುವುದಿಲ್ಲ. ಅದರ ಕಾಟ ಬೆಳಕಿನಲ್ಲಿ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದರ ಮೇಲ್ಮೈಯಲ್ಲಿ ಜೀವಕೋಶಕ್ಕೆ ಹಾನಿ ಮಾಡುವ ಕ್ರಿಯಾಶೀಲ ಆಮ್ಲಜನಕ ಹುಟ್ಟುತ್ತದೆ. ಅನಟೇಸ್ ಎಂಬ ಹರಳುರೂಪದಲ್ಲಿ ಇದು ಇನ್ನೊಂದು ಹರಳುರೂಪವಾದ ರೂಟೈಲ್‌ಗಿಂತ ಹೆಚ್ಚು. ಸನ್‌ಸ್ಕ್ರೀನ್ ತಯಾರಕರು ಕಣಕ್ಕೆ ಸಿಲಿಕಾ, ಅಲ್ಯೂಮಿನಾ ಲೇಪಿಸುವುದು ಇದೇ ಕಾರಣಕ್ಕೆ. ಟ್ಯೂಬ್‌ಲೈಟ್ ಕೆಳಗೆ ನಡೆದ ಪರೀಕ್ಷೆಯಲ್ಲಿ ನಿರಪಾಯಕಾರಿ ಎನಿಸಿದ್ದು ತೆರೆದ ಕೆರೆಯಲ್ಲಿ ಹಾಗಿರಲಿಕ್ಕಿಲ್ಲ.

ಡ್ಯಾಫ್ನಿಯಾ ಎಂಬ ಪುಟ್ಟ ಜಲಜೀವಿಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಮೈ ಪಾರದರ್ಶಕ, ಹೃದಯ ಬಡಿಯುವುದೂ ಕಾಣುತ್ತದೆ. ನೀರನ್ನು ಸೋಸಿ ತಿನ್ನುವ ಜೀವಿಯಾದ್ದರಿಂದ ಟೈಟಾನಿಯಂ ಡೈಆಕ್ಸೈಡ್ ಕಣಗಳಿರುವ ನೀರಿಗೆ ಬಿಟ್ಟರೆ ಕರುಳು ಕಪ್ಪು ಗೆರೆಯಂತೆ ತುಂಬಿಕೊಳ್ಳುತ್ತದೆ, ಚಿಪ್ಪಿನ ಮೇಲೂ ಕಣಗಳು ಮೆತ್ತಿಕೊಳ್ಳುತ್ತವೆ. ಆದರೂ ಈಜುತ್ತಲೇ ಇರುತ್ತದೆ. ಪ್ರಮಾಣಿತ ಪರೀಕ್ಷೆಯ ಅವಧಿ 48 ಗಂಟೆ; ಅಷ್ಟರಲ್ಲಿ ಹೆಚ್ಚು ಸಾವು ಕಾಣದಿದ್ದರೆ ವರದಿ ಸಲೀಸಾಗಿ ಪಾಸು. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅವಧಿಯನ್ನು 96 ಗಂಟೆಗೆ ಎಳೆದಾಗ ಚಿತ್ರ ಬದಲಾಯಿತು. ಕಣ ಮೆತ್ತಿದ ಡ್ಯಾಫ್ನಿಯಾಗಳು ಮೊದಲ ಸಲ ಪೊರೆ ಕಳಚಿದವು, ಮುಂದಿನ ಸಲ ಬಹುಪಾಲಿಗೆ ಕಳಚಲಾಗದೆ ಸತ್ತವು.

ಸೀರಿಯಂ ಎಂಬ ಲೋಹದ ಆಕ್ಸೈಡಿನ ನ್ಯಾನೊ ಕಣಗಳದು ಇನ್ನೊಂದು ದಾರಿ. ಸೋಯಾಬೀನ್ ಮೇಲೆ 2012ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಹೆಚ್ಚಿನ ಪ್ರಮಾಣದ ಸೀರಿಯಂ ಆಕ್ಸೈಡ್ ಬೇರುಗಂಟುಗಳ ಸಾರಜನಕ ಸ್ಥಿರೀಕರಣವನ್ನೇ, ಅಂದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಕೆಲಸವನ್ನೇ, ಹತ್ತಿಕ್ಕಿತು. ಬೀದರ್, ಬೆಳಗಾವಿಯ ಸೋಯಾ ಬೆಳೆಗಾರರಿಗೆ ಆ ಗಂಟುಗಳ ಬೆಲೆ ಗೊತ್ತು.

ಕೃಷಿಯಲ್ಲಿ ಬಳಸುವ ನ್ಯಾನೊ ಉತ್ಪನ್ನಗಳ ಮೌಲ್ಯಮಾಪನಕ್ಕೆ ಭಾರತ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಅದು ಒಳ್ಳೆಯದೇ. ಆದರೆ ನನ್ನ ಮುಂದೆ ಸುರಕ್ಷತಾ ವರದಿ ಇಟ್ಟರೆ ನಾನು ಮೊದಲು ಹುಡುಕುವುದು ಈ ವಿವರಗಳನ್ನು: ಕಣದ ಲೇಪನ ಯಾವುದು, ಸ್ಥಳೀಯ ಮಣ್ಣು ನೀರಿನಲ್ಲಿ ಎಷ್ಟು ಕರಗಿತು, ಪರೀಕ್ಷೆ ಬಿಸಿಲಿನ ಬೆಳಕಿನಲ್ಲಿ ನಡೆಯಿತೇ, ಜೀವಿ ಎರಡನೇ ಸಲ ಪೊರೆ ಬಿಡುವವರೆಗೆ ಕಾದರೇ.