ಗಡ್ಡೆಯೊಳಗಿನ ಟಿ ಕೋಶ ಎಣಿಸುವುದು: ದೊಡ್ಡ ಕರುಳಿನ ಕ್ಯಾನ್ಸರ್, ಇಮ್ಯುನೋಸ್ಕೋರ್

ಮಂಗಳೂರಿನಲ್ಲಿ ನಮ್ಮ ಜೊತೆ ಪೆಥಾಲಜಿ ಓದುತ್ತಿರುವವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಟಿಎನ್‌ಎಂ ಸ್ಟೇಜಿಂಗ್ ಗೊತ್ತೇ ಇದೆಯಲ್ಲ, ಬಿಟ್ಟಿದ್ದೇನೆ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಎಲ್ಲಿಗೆ ಹರಡಿದೆ ಅಂತ ಅದು ಹೇಳುತ್ತದೆ. ದೇಹ ಎದುರು ನಿಂತಿದೆಯಾ ಅಂತ ಹೇಳುವುದಿಲ್ಲ. ಒಂದೇ ಸ್ಟೇಜಿನ ಇಬ್ಬರಿದ್ದರೂ ಒಬ್ಬರಿಗೆ ಕಾಯಿಲೆ ಮರುಕಳಿಸಬಹುದು, ಇನ್ನೊಬ್ಬರಿಗೆ ಮರುಕಳಿಸದೇ ಇರಬಹುದು. ಇದಕ್ಕೂ ಗಡ್ಡೆಯೊಳಗಿನ ಟಿ ಕೋಶಗಳಿಗೂ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ನಂಟಿದೆ ಅಂತ ಫ್ರಾನ್ಸಿನ ಜೆರೋಮ್ ಗಾಲೊನ್ ತಂಡ 2006ರಲ್ಲಿ ತೋರಿಸಿತು. 2018ರಲ್ಲಿ ಭಾರತವೂ ಸೇರಿ 13 ದೇಶಗಳ 2,681 ರೋಗಿಗಳಲ್ಲಿ ಅದು ಗಟ್ಟಿಯಾಯಿತು.

ಎಣಿಸುವುದು ಎರಡು ಬಗೆಯ ಕೋಶಗಳನ್ನು, ಕೋಶದ ಮೇಲಿನ ಗುರುತಿಗೆ ಬಣ್ಣ ಹಿಡಿಸಿ (ಸ್ಟೇನ್). ಸಿಡಿ3 ಅಂದರೆ ಎಲ್ಲ ಟಿ ಕೋಶ. ಸಿಡಿ8 ಅಂದರೆ ಅದರಲ್ಲಿ ಮುಖ್ಯವಾಗಿ ಕೊಲ್ಲುವ ಬಗೆಯವು. ಎಣಿಸುವ ಜಾಗವೂ ಎರಡು: ಗಡ್ಡೆಯ ನಡುಭಾಗ ಮತ್ತು ಗಡ್ಡೆ ಒಳ್ಳೆಯ ಅಂಗಾಂಶವನ್ನು ತಾಗುವ ಅಂಚು. ಸ್ಲೈಡ್ ಇಟ್ಟು ಮೊದಲು ಅಂಚಿಗೆ ಹೋಗಿ. ನೀಲಿ ನ್ಯೂಕ್ಲಿಯಸ್‌ಗಳ ನಡುವೆ ಟಿ ಕೋಶಗಳು ಕಂದು ಚುಕ್ಕೆಗಳಾಗಿ ಒತ್ತಾಗಿ ಕಾಣುತ್ತವೆ. ಅಲ್ಲಿಂದ ನಿಧಾನಕ್ಕೆ ಒಳಗೆ ಸರಿಸಿ. ಕೆಲವು ಗಡ್ಡೆಗಳಲ್ಲಿ ಕಂದು ಚುಕ್ಕೆ ಗ್ರಂಥಿಗಳ ಎಪಿಥೀಲಿಯಮ್ (ಒಳಪದರ) ಒಳಗೂ ಸಿಗುತ್ತದೆ. ಕೆಲವದರಲ್ಲಿ ಅಂಚಿನಲ್ಲೇ ನಿಂತುಬಿಡುತ್ತದೆ. ಅಂಚಿನಲ್ಲಿ ಜಾಸ್ತಿ ಇದೆ ಅಂದ ಮಾತ್ರಕ್ಕೆ ಒಳಗೂ ಇದೆ ಅಂತಲ್ಲ.

ಈಗ ನಾಲ್ಕು ಸಂಖ್ಯೆ ಕೈಯಲ್ಲಿವೆ. ಇಲ್ಲೇ ನಿಧಾನ ಮಾಡಬೇಕು. ಒಂದು ಚದರ ಮಿಲಿಮೀಟರಿಗೆ ಇಷ್ಟು ಕೋಶ ಅನ್ನುವ ಈ ನಾಲ್ಕನ್ನು ನೇರ ಕೂಡಿಸಿ ಭಾಗಿಸಬಾರದು. ಯಾಕೆ? ಸಿಡಿ8 ಕೋಶಗಳು ಹೆಚ್ಚುಕಡಿಮೆ ಸಿಡಿ3ರೊಳಗೇ ಬರುತ್ತವೆ, ಹಾಗಾಗಿ ಸಿಡಿ3 ಎಣಿಕೆ ದೊಡ್ಡದಾಗಿಯೇ ಇರುತ್ತದೆ. ಸಾಮಾನ್ಯವಾಗಿ ಅಂಚಿನ ಎಣಿಕೆ ನಡುಭಾಗಕ್ಕಿಂತ ದೊಡ್ಡದು. ನೇರ ಕೂಡಿಸಿದರೆ ಅಂಚಿನ ಸಿಡಿ3 ಒಂದೇ ಉಳಿದ ಮೂರನ್ನೂ ನುಂಗಿಬಿಡುತ್ತದೆ. ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಮೀನು ಕೊಳ್ಳುವುದನ್ನು ನೆನೆಸಿಕೊಳ್ಳಿ. ಬಂಗುಡೆ ಕಿಲೋಗೆ 400 ಅಂದರೆ ದುಬಾರಿ, ಅಂಜಲ್ 500ಕ್ಕೆ ಸಿಕ್ಕರೆ ಅಗ್ಗ. ಎರಡೂ ರೇಟು ಕೂಡಿಸಿದರೆ ಏನೂ ತಿಳಿಯುವುದಿಲ್ಲ. ಬಂಗುಡೆಯನ್ನು ಬಂಗುಡೆಯ ಮಾಮೂಲಿ ರೇಟಿನ ಜೊತೆಗೇ ಹೋಲಿಸಬೇಕು, ಅಲ್ವಾ?

ಪರ್ಸೆಂಟೈಲ್ ಮಾಡುವುದು ಅದನ್ನೇ. ನಡುಭಾಗದ ಸಿಡಿ8ಕ್ಕೆ 60 ಬಂತು ಅಂದರೆ, ಹೋಲಿಕೆಗೆ ಇಟ್ಟ ರೋಗಿಗಳ ಗುಂಪಿನಲ್ಲಿ ನೂರಕ್ಕೆ 60 ಜನರಲ್ಲಿ ಅದೇ ಜಾಗದ ಸಿಡಿ8 ಇದಕ್ಕಿಂತ ಕಮ್ಮಿ ಇದೆ ಅಂತ. ಗಡ್ಡೆಯ ಶೇಕಡಾ 60 ಕೋಶ ಅಂತ ಓದಬೇಡಿ. ಸುಮ್ನೆ ಒಂದು ಲೆಕ್ಕ ಮಾಡೋಣ. ನಡುಭಾಗದಲ್ಲಿ ಸಿಡಿ3 80, ಸಿಡಿ8 60. ಅಂಚಿನಲ್ಲಿ ಸಿಡಿ3 75, ಸಿಡಿ8 45. ಒಟ್ಟು 260, ನಾಲ್ಕರಿಂದ ಭಾಗಿಸಿದರೆ 65. ಇದೇ ಇಮ್ಯುನೋಸ್ಕೋರ್. 25ರವರೆಗೆ ಕಡಿಮೆ, 70 ದಾಟಿದರೆ ಹೆಚ್ಚು, ನಡುವೆ ಮಧ್ಯಮ. ಹಾಗಾಗಿ ಇದು ಮಧ್ಯಮ. ಸ್ಕೋರ್ ಹೆಚ್ಚಿದ್ದಷ್ಟೂ ಕಾಯಿಲೆ ಮರಳುವ ಸಾಧ್ಯತೆ ಕಮ್ಮಿ.

ಎಂಎಸ್‌ಐ (ಮೈಕ್ರೊಸ್ಯಾಟಲೈಟ್ ಇನ್‌ಸ್ಟೆಬಿಲಿಟಿ) ಬಗ್ಗೆ ಚಿಕ್ಕದಾಗಿ. ಸುಮಾರು ಶೇಕಡಾ 15 ಗಡ್ಡೆಗಳಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ; ಎಂಎಸ್‌ಐ ಅದರ ಗುರುತು. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನ್ ಇವೆಯಾ ಅಂತ ನೋಡುವುದು ಇದಕ್ಕೇ. ತಪ್ಪುಗಳು ಸೇರುತ್ತಾ ಹೋದಂತೆ ಹೊಸ ಹೊಸ ಪ್ರೋಟೀನ್ ತುಣುಕು ಹುಟ್ಟುತ್ತವೆ, ಟಿ ಕೋಶಗಳು ಅವನ್ನು ಗುರುತಿಸಿ ನುಗ್ಗುತ್ತವೆ. ಟಿ ಕೋಶಗಳ ತಡೆ ತೆಗೆಯುವ ಔಷಧಿ ಪೆಂಬ್ರೊಲಿಜುಮಾಬ್ ಈ ಗುಂಪಿನಲ್ಲೇ ಚೆನ್ನಾಗಿ ಕೆಲಸ ಮಾಡುವುದು ಅದಕ್ಕೇ. ಆದರೆ ಎಂಎಸ್‌ಐ ಇಲ್ಲದ ಗಡ್ಡೆಯಲ್ಲೂ ಸ್ಕೋರ್ ಹೆಚ್ಚಿರಬಹುದು. ಎರಡನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಬೇಕು.