ಚಾರ್ಟರ್ ಶಾಲೆ ಎಂದರೆ ಯಾರ ಶಾಲೆ?

ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ‘ನಾಗರಿಕ ಸನ್ನದು’ ಎಂಬ ಫಲಕ ನೋಡಿರುತ್ತೀರಿ. ಇಂಥ ಕೆಲಸ ಇಷ್ಟು ದಿನದಲ್ಲಿ ಮಾಡಿಕೊಡುತ್ತೇವೆ ಎಂಬ ಮಾತು ಅದು. ಮದ್ಯದಂಗಡಿಯ ಪರವಾನಗಿಗೂ ನಮ್ಮಲ್ಲಿ ಸನ್ನದು ಎಂದೇ ಹೆಸರು. ಅಮೆರಿಕದ ‘ಚಾರ್ಟರ್ ಶಾಲೆ’ಯಲ್ಲಿ ಈ ಎರಡೂ ಅರ್ಥ ಸೇರಿಕೊಂಡಿವೆ: ಮಕ್ಕಳಿಗೆ ಇಷ್ಟು ಕಲಿಸುತ್ತೇವೆ ಎಂದು ಬರೆದುಕೊಟ್ಟು, ಅದರ ಮೇಲೆ ಕೆಲವು ವರ್ಷಗಳ ಮಟ್ಟಿಗೆ ಶಾಲೆ ನಡೆಸುವ ಪರವಾನಗಿ ಪಡೆಯುವುದು. ಕಲಿಸದಿದ್ದರೆ ಸನ್ನದು ನವೀಕರಣವಾಗುವುದಿಲ್ಲ.

ಇದರ ಕಾನೂನು ಮೊದಲು ಬಂದದ್ದು 1991ರಲ್ಲಿ, ಮಿನೆಸೋಟದಲ್ಲಿ. ಮರುವರ್ಷ ಕ್ಯಾಲಿಫೋರ್ನಿಯದಲ್ಲಿ. ಕ್ಯಾಲಿಫೋರ್ನಿಯದ ಚಾರ್ಟರ್ ಶಾಲೆಗೆ ಫೀ ಇಲ್ಲ, ಧರ್ಮಬೋಧನೆ ಇಲ್ಲ, ಪ್ರವೇಶ ಪರೀಕ್ಷೆಯಿಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಹಾಗಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚು ಬಂದರೆ ಲಾಟರಿ, ನಮ್ಮ ಆರ್‌ಟಿಇ ಸೀಟಿನ ಹಾಗೆ. ಖರ್ಚು ತೆರಿಗೆ ಹಣದ್ದು, ಆಡಳಿತ ಸಾಮಾನ್ಯವಾಗಿ ಲಾಭರಹಿತ ಸಂಸ್ಥೆಯದು. ಹಾಗೆಂದು ಇದನ್ನು ನಮ್ಮ ಅನುದಾನಿತ ಶಾಲೆ ಎಂದುಕೊಂಡರೆ ತಪ್ಪಾಗುತ್ತದೆ. ಅನುದಾನಿತ ಶಾಲೆಗೆ ಸರ್ಕಾರ ಕೊಡುವುದು ಮುಖ್ಯವಾಗಿ ಮಂಜೂರಾದ ಹುದ್ದೆಗಳ ಸಂಬಳ. ಚಾರ್ಟರ್ ಶಾಲೆಗೆ ಹಣ ಮಗುವಿನ ಬೆನ್ನಿಗೇ ಅಂಟಿಕೊಂಡು ಬರುತ್ತದೆ, ಅದೂ ದಿನದ ಹಾಜರಿಯ ಲೆಕ್ಕದಲ್ಲಿ.

ಇನ್ನು, ಸನ್ನದಿನ ಅರ್ಜಿ ಸಾಮಾನ್ಯವಾಗಿ ಹೋಗುವ ‘ಎಲಿಮೆಂಟರಿ ಸ್ಕೂಲ್ ಡಿಸ್ಟ್ರಿಕ್ಟ್’. ನಮ್ಮ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ಒಂದಿಷ್ಟು ಬಡಾವಣೆಗಳ ಕಿಂಡರ್‌ಗಾರ್ಟನ್‌ನಿಂದ 8ನೇ ತರಗತಿವರೆಗಿನ ಶಾಲೆಗಳನ್ನು ನೋಡಿಕೊಳ್ಳಲೆಂದೇ ಜನ ಓಟು ಹಾಕಿ ಆರಿಸಿದ ಮಂಡಳಿ ಇರುವ ಪ್ರದೇಶ. ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ನಗರದ ಪೂರ್ವ ಭಾಗದಲ್ಲಿ, ಬೆಟ್ಟದ ತಪ್ಪಲಲ್ಲಿರುವ ಆಲಮ್ ರಾಕ್ ಅಂಥದ್ದೊಂದು. ಅಲ್ಲಿ ಬಹುಪಾಲು ಲ್ಯಾಟಿನೋ ಕುಟುಂಬಗಳ ಮಕ್ಕಳು, ವಿಯೆಟ್ನಾಂ ಮೂಲದವರೂ ಇದ್ದಾರೆ. ಪೋಷಕರೇ ಶಾಲೆ ಆರಿಸಿಕೊಳ್ಳುವ ಪ್ರಯೋಗ ಆ ಊರಿಗೆ ಹೊಸದಲ್ಲ. 1972ರಲ್ಲಿ ಕೇಂದ್ರ ಸರ್ಕಾರದ ದುಡ್ಡಿನಲ್ಲಿ ಶಾಲಾ ವೋಚರ್ ಪದ್ಧತಿಯನ್ನು (ಪೋಷಕರು ಆರಿಸಿದ ಶಾಲೆಗೆ ಸರ್ಕಾರದ ಚೀಟಿಯ ಮೂಲಕ ಹಣ ಸಲ್ಲುವ ವ್ಯವಸ್ಥೆ) ಪರೀಕ್ಷಿಸಿದ್ದು ಅಲ್ಲೇ. ಚಾರ್ಟರ್ ಶಾಲೆಗಳು ಬಂದದ್ದು ಆಮೇಲೆ. ಅಲ್ಲಿ, ಹಲವು ಚಾರ್ಟರ್ ಶಾಲೆಗಳನ್ನು ನಡೆಸುವ ಕಿಪ್ ಸಂಸ್ಥೆಯ ಹಾರ್ಟ್‌ವುಡ್ ಅಕಾಡೆಮಿ 2004ರಲ್ಲಿ ಬಾಗಿಲು ತೆರೆಯಿತು.

ಚಾರ್ಟರ್ ಪರ ಇರುವವರೂ ವಿರೋಧಿಸುವವರೂ ಕೈಯಲ್ಲಿ ಹಿಡಿಯುವುದು ಒಂದೇ ಪಟ್ಟಿ: 3ರಿಂದ 8ನೇ ತರಗತಿವರೆಗೆ ಪ್ರತಿವರ್ಷ ನಡೆಯುವ ರಾಜ್ಯ ಪರೀಕ್ಷೆಯಲ್ಲಿ ಎಷ್ಟು ಶೇಕಡ ಮಕ್ಕಳು ನಿಗದಿತ ಮಟ್ಟ ಮುಟ್ಟಿದರು ಎಂಬುದು. ಪಟ್ಟಿ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಡಿಸ್ಟ್ರಿಕ್ಟ್ ಶಾಲೆಯಲ್ಲಿ 100 ಮಕ್ಕಳು. 80 ಬಡವರ ಮನೆಯವರು, ಅವರಲ್ಲಿ 24 ಮಂದಿ ಮಟ್ಟ ಮುಟ್ಟಿದರು. ಉಳಿದ 20ರಲ್ಲಿ 14 ಮಂದಿ. ಒಟ್ಟು ಶೇ 38. ಪಕ್ಕದ ಚಾರ್ಟರ್‌ನಲ್ಲೂ 100 ಮಕ್ಕಳು, ಆದರೆ ಬಡವರ ಮನೆಯವರು 50. ಅವರಲ್ಲಿ 14, ಉಳಿದ 50ರಲ್ಲಿ 34. ಒಟ್ಟು ಶೇ 48. ಚಾರ್ಟರ್ ಹತ್ತು ಅಂಕ ಮುಂದೆ! ಈಗ ಗುಂಪು ಗುಂಪಾಗಿ ನೋಡಿ. ಬಡ ಮಕ್ಕಳು ಡಿಸ್ಟ್ರಿಕ್ಟ್‌ನಲ್ಲಿ ಶೇ 30, ಚಾರ್ಟರ್‌ನಲ್ಲಿ ಶೇ 28. ಉಳಿದವರು ಶೇ 70, ಚಾರ್ಟರ್‌ನಲ್ಲಿ ಶೇ 68. ಎರಡೂ ಗುಂಪಿನಲ್ಲಿ ಹಿಂದೆ ಬಿದ್ದ ಶಾಲೆ ಒಟ್ಟು ಲೆಕ್ಕದಲ್ಲಿ ಗೆದ್ದುಬಿಟ್ಟಿತು. ಪಾಠ ಕಾರಣವಲ್ಲ, ಬೆಂಚಿನ ಮೇಲೆ ಯಾರು ಕೂತಿದ್ದಾರೆ ಎಂಬುದು ಕಾರಣ. ಅಂಕಿಗಳನ್ನು ತಿರುಗಿಸಿ ಡಿಸ್ಟ್ರಿಕ್ಟ್ ಶಾಲೆಯನ್ನೂ ಹೀಗೇ ಗೆಲ್ಲಿಸಬಹುದು.

ಇಲ್ಲಿಗೆ ‘ಡೆಮೊಗ್ರಾಫಿಕ್ಸ್’, ಅಂದರೆ ಮಕ್ಕಳ ಹಿನ್ನೆಲೆಯ ವಿವರ ಬರುತ್ತದೆ: ಜನಾಂಗ, ಮನೆಯ ಆದಾಯ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು, ವಿಶೇಷ ಶಿಕ್ಷಣ ಬೇಕಾದವರು. ಈ ಕಾಲಂಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಮತ್ತು ಇದರಲ್ಲಿ ನಮ್ಮವರ ಪಾಲೂ ಇದೆ. ಆಲಮ್ ರಾಕ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಕ್ಯುಪರ್ಟಿನೊ ಕೂಡ ಎಲಿಮೆಂಟರಿ ಡಿಸ್ಟ್ರಿಕ್ಟೇ. ಅಲ್ಲಿ ಮಗುವನ್ನು ಸೇರಿಸುವಾಗ ಒಂದು ನಮೂನೆ ತುಂಬಬೇಕು: ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ? ಮನೆಯಲ್ಲಿ ಆಡುವುದು ಯಾವುದು? ಅಪ್ಪ ಅಮ್ಮ ಅಭಿಮಾನದಿಂದ ‘ಕನ್ನಡ’ ಎಂದು ಬರೆಯುತ್ತಾರೆ. ಕೂಡಲೇ ಮಗುವಿಗೆ ‘ಎಲ್‌ಪ್ಯಾಕ್’ ಎಂಬ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಸಾಕಷ್ಟು ಅಂಕ ಬರದಿದ್ದರೆ ‘ಇಂಗ್ಲಿಷ್ ಕಲಿಯುವವರು’ ಪಟ್ಟಿಗೆ ಹೆಸರು. (‘ಸುಮ್ಮನೆ ಇಂಗ್ಲಿಷ್ ಅಂತ ಬರೆದುಬಿಡಿ’ ಎಂದು ಕಿವಿಯಲ್ಲಿ ಹೇಳುವ ಸ್ನೇಹಿತರಿಗೂ ಕೊರತೆಯಿಲ್ಲ.) ಇಂಜಿನಿಯರ್ ದಂಪತಿಯ ಈ ಮಗುವೂ, ಎರಡೆರಡು ಕೆಲಸ ಮಾಡುವ ತಾಯಿಯ ಜೊತೆ ಆಲಮ್ ರಾಕ್‌ನಲ್ಲಿ ಸ್ಪ್ಯಾನಿಷ್ ಆಡುತ್ತ ಬೆಳೆದ ಮಗುವೂ ಒಂದೇ ಕಾಲಂನಲ್ಲಿ. ‘ಏಷ್ಯನ್’ ಎಂಬ ಕಾಲಂನ ಕಥೆಯೂ ಹೀಗೇ: ಅದರೊಳಗೆ ಮೈಸೂರಿನವರೂ ಇದ್ದಾರೆ, ವಿಯೆಟ್ನಾಂನಿಂದ ನಿರಾಶ್ರಿತರಾಗಿ ಬಂದವರ ಮೊಮ್ಮಕ್ಕಳೂ ಇದ್ದಾರೆ.

ಸಂಶೋಧಕರು ಇದಕ್ಕೆ ಎರಡು ದಾರಿ ಹುಡುಕಿಕೊಂಡಿದ್ದಾರೆ. ಲಾಟರಿಯಲ್ಲಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸುವುದು ಒಂದು. ಇಬ್ಬರ ಮನೆಯವರಿಗೂ ಅರ್ಜಿ ಹಾಕುವಷ್ಟು ಆಸೆ ಇತ್ತಲ್ಲ, ಹಾಗಾಗಿ ಹೋಲಿಕೆ ನ್ಯಾಯವಾದದ್ದು. ಆದರೆ ಲಾಟರಿ ನಡೆಯುವುದು ಜನ ಮುಗಿಬೀಳುವ ಶಾಲೆಯಲ್ಲಿ ಮಾತ್ರ. ಸ್ಟ್ಯಾನ್‌ಫರ್ಡ್‌ನ ‘ಕ್ರೆಡೊ’ ಕೇಂದ್ರದ್ದು ಇನ್ನೊಂದು ದಾರಿ: ಚಾರ್ಟರ್‌ನ ಪ್ರತಿ ಮಗುವಿಗೂ ಅದೇ ತರಗತಿ, ಅದೇ ಹಿನ್ನೆಲೆ, ಹಿಂದೆ ಅಷ್ಟೇ ಅಂಕ ಪಡೆದ ಸಾರ್ವಜನಿಕ ಶಾಲೆಯ ಜೋಡಿಯನ್ನು ದಾಖಲೆಗಳಿಂದ ಕಟ್ಟುವುದು. 2009ರಲ್ಲಿ ಅವರು ನೋಡಿದಾಗ ಗಣಿತದಲ್ಲಿ ಶೇ 17ರಷ್ಟು ಚಾರ್ಟರ್‌ಗಳು ಮುಂದಿದ್ದವು, ಶೇ 37ರಷ್ಟು ಹಿಂದಿದ್ದವು. 2023ರ ವರದಿಯಲ್ಲಿ ಚಿತ್ರ ಬದಲಾಗಿತ್ತು. ಸರಾಸರಿಯಲ್ಲಿ ಚಾರ್ಟರ್ ಮಕ್ಕಳು ಓದಿನಲ್ಲಿ ವರ್ಷಕ್ಕೆ 16 ದಿನ, ಗಣಿತದಲ್ಲಿ 6 ದಿನದ ಪಾಠದಷ್ಟು ಹೆಚ್ಚು ಕಲಿತಿದ್ದರು. ಆನ್‌ಲೈನ್ ಚಾರ್ಟರ್‌ಗಳ ಮಕ್ಕಳು ಮಾತ್ರ ಗಣಿತದಲ್ಲಿ 124 ದಿನ ಹಿಂದೆ. ಇಂಥ ಅಂತರವಿರುವಾಗ ‘ಚಾರ್ಟರ್ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಚಾರ್ಟರ್, ಯಾವ ಮಕ್ಕಳಿಗೆ ಎಂದು ಕೇಳಬೇಕು.

ಬೆಂಚಿನ ಮೇಲೆ ಯಾರು ಕೂತಿದ್ದಾರೆ ಎಂಬ ಅನುಮಾನ ಕಾನೂನಿಗೂ ಇದೆ. ಕ್ಯಾಲಿಫೋರ್ನಿಯದಲ್ಲಿ ಸನ್ನದು ಕೇಳುವವರು ತಮ್ಮ ಶಾಲೆಯ ಮಕ್ಕಳು ಡಿಸ್ಟ್ರಿಕ್ಟ್‌ನ ಜನರ ಹಾಗೇ ಇರುವಂತೆ ಹೇಗೆ ನೋಡಿಕೊಳ್ಳುತ್ತೇವೆ ಎಂದು ಅರ್ಜಿಯಲ್ಲೇ ಬರೆಯಬೇಕು. ಜನಾಂಗದಲ್ಲಷ್ಟೇ ಅಲ್ಲ, ವಿಶೇಷ ಶಿಕ್ಷಣದವರು ಮತ್ತು ಇಂಗ್ಲಿಷ್ ಕಲಿಯುವವರ ಪ್ರಮಾಣದಲ್ಲೂ. 2019ರ ತಿದ್ದುಪಡಿಯ ನಂತರ, ಹೊಸ ಚಾರ್ಟರ್ ಬಂದರೆ ತನ್ನ ಹಣಕಾಸಿನ ಮೇಲೆ ಏನು ಪೆಟ್ಟು ಬೀಳುತ್ತದೆ ಎಂಬುದನ್ನೂ ಡಿಸ್ಟ್ರಿಕ್ಟ್ ಪರಿಗಣಿಸಬಹುದು. ಹತ್ತು ತರಗತಿಗಳಿಂದ ಇಬ್ಬಿಬ್ಬರು ಮಕ್ಕಳು ಹೊರಟರೆ ಇಪ್ಪತ್ತು ಮಕ್ಕಳ ಹಣ ಹೋಗುತ್ತದೆ, ಆದರೆ ಒಂದು ಕೋಣೆಯನ್ನೂ ಮುಚ್ಚಲಾಗುವುದಿಲ್ಲ, ಒಬ್ಬ ಮೇಷ್ಟ್ರ ಸಂಬಳವೂ ಉಳಿಯುವುದಿಲ್ಲ.